ಸೂರಿನ ಮೂಲೆಯ ಹೆಂಚು

"ನಿಲ್ರೋ, ಕಾಲಿಗೆ ಬಲೆ ಸಿಕ್ತು!" ಎಂದು ಚೊಬುನ್ ಕೂಗಿದ.

ಸೇಟೊಕುವಿನ ಶವಪೆಟ್ಟಿಗೆ ಹೊತ್ತ ನಾಲ್ವರೂ ಓಣಿಯಲ್ಲಿ ನಿಂತರು. ಗಾಳಿ ಎಳೆದುತಂದ ಮೀನುಬಲೆಯಿಂದ ಚೊಬುನ್ ಕಾಲು ಬಿಡಿಸಿಕೊಂಡ. ನಮ್ಮ ಪುಟ್ಟ ದ್ವೀಪದಲ್ಲಿ ಸುಡುವ ಜಾಗವಿಲ್ಲ, ಪಕ್ಕದ ದೊಡ್ಡ ದ್ವೀಪ ಇಶಿಗಾಕಿಗೇ ಒಯ್ಯಬೇಕು. ಚಂಡಮಾರುತದಿಂದ ಎರಡು ದಿನ ದೋಣಿಯೇ ಹೊರಟಿರಲಿಲ್ಲ. ಊರವರೆಲ್ಲ ಬಾಗಿಲು ಬಿಗಿದು ಕೂತಿದ್ದಾಗ, ಅವರ ಮನೆಗಳಿಗೆಲ್ಲ ಹೆಂಚು ಹೊದಿಸಿದವನು ತನ್ನ ಮನೆಯಲ್ಲಿ ಒಬ್ಬನೇ ಹೆಣವಾಗಿ ಮಲಗಿದ್ದ. ಕಾಯಲು ಹೆಂಡತಿ ಮಕ್ಕಳಿರಲಿಲ್ಲ.

"ಬದುಕಿದ್ರೆ ಇಷ್ಟೊತ್ತಿಗೆ ಗಾರೆ ಬಕೇಟು ಹಿಡ್ಕೊಂಡು ಬಂದ್ಬಿಡ್ತಿದ್ದ, 'ಏನಾದ್ರೂ ಅಲುಗಿದೆಯಾ' ಅಂತ" ಎಂದ ಹಿಂದಿದ್ದವನು.

"ಎಲ್ಲರ ಮನೇಲೂ ಟೀ ಕುಡ್ದು ಹೋಗ್ತಿದ್ದ. ನಾಬಿಯಮ್ಮನ ಮನೆ ಬಿಟ್ಟು. ಒಂದು ಹೆಂಚು ಹಾರಿದ್ದಕ್ಕೆ ಹನ್ನೊಂದು ವರ್ಷ ಮುಖ ತಿರುಗಿಸ್ಕೊಂಡ್ಳಲ್ಲಪ್ಪ!" ಎಂದ ಚೊಬುನ್.

ತನ್ನ ಅಂಗಳದ ಗೋಡೆಯ ಹಿಂದೆ ನಿಂತಿದ್ದ ನಾಬಿಗೆ ಎಲ್ಲವೂ ಕೇಳಿಸಿತು.

*

ಹನ್ನೊಂದು ವರ್ಷದ ಹಿಂದಿನ ಚಂಡಮಾರುತದಲ್ಲಿ ಅವಳ ಸೂರಿನ ಮೂಲೆಯ ಆ ಹೆಂಚು ಹಾರಿ ಪಕ್ಕದ ಮನೆಯ ಆಡನ್ನು ಕೊಂದಿತ್ತು. "ನಿನ್ನ ಕೈ ಸಡಿಲಾಗಿದೆ ಕಣೋ!" ಎಂದು ನಾಬಿ ಊರೆದುರು ಬೈದಿದ್ದಳು.

ಸೇಟೊಕು ಏಣಿ ಹತ್ತಿದ. ಹೆಂಚಿನ ಸಂದಿನ ಸುಣ್ಣದ ಗಾರೆಗೆ ಯಾರೋ ಗೂಟ ಹೊಡೆದು, ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು. ಗಾರೆ ಬಿರಿದದ್ದು ಅದರಿಂದಲೇ. ಗೂಟ ಕಿತ್ತು ಜೇಬಿಗೆ ಹಾಕಿಕೊಂಡ. ಹೊಸ ಹೆಂಚಿಟ್ಟು, ತಂತಿ ಬಿಗಿದು, ಎರಡು ಪಟ್ಟು ಗಾರೆ ಮೆತ್ತಿ, ಮಾತಿಲ್ಲದೆ ಇಳಿದು ಹೋದ. ಗೂಟ ಹೊಡೆದ ನಾಬಿಯೂ ಬಾಯಿಬಿಡಲಿಲ್ಲ.

ಆಮೇಲೆ ಅವಳ ಬೈಗುಳ ನಂಬಿ ಊರವರು ಹೊಸ ಮನೆಗಳಿಗೆ ಹೊರಗಿನ ಕೆಲಸಗಾರರನ್ನು ಕರೆಸಿದರು. ಆದರೂ ಪ್ರತಿ ಚಂಡಮಾರುತದ ಮರುದಿನ ಸೇಟೊಕು ಅವಳ ಗೋಡೆಯಾಚೆ ನಿಂತು 'ಏನಾದ್ರೂ ಅಲುಗಿದೆಯಾ' ಅಂತ ಕೇಳುತ್ತಿದ್ದ. ಅವಳು ತಿರುಗಿ ಒಳಗೆ ಹೋಗುತ್ತಿದ್ದಳು. ಸಿಟ್ಟಿಗಲ್ಲ, ನಾಚಿಕೆಗೆ.

*

ಕೈಯಲ್ಲಿ ಟೀ ಲೋಟ ಹಿಡಿದು ನಾಬಿ ಓಣಿಗಿಳಿದಳು. "ಇಳಿಸ್ರೋ."

"ದೋಣಿ ಹೊರಡುತ್ತೆ, ನಾಬಿಯಮ್ಮ."

"ಹೊರಡ್ಲಿ. ಆ ಹೆಂಚಿನ ಗಾರೆಗೆ ಗೂಟ ಹೊಡ್ದೋಳು ನಾನು. ಅವನಿಗೆ ಗೊತ್ತಿತ್ತು. ಅವನ ಕೈ ಯಾವತ್ತೂ ಸಡಿಲಾಗಿರ್ಲಿಲ್ಲ."

ನಾಲ್ವರೂ ಪೆಟ್ಟಿಗೆ ಇಳಿಸಿದರು. ಯಾರೂ ಅವಳ ಮುಖ ನೋಡಲಿಲ್ಲ. ನಾಬಿ ತಲೆಯೆತ್ತಿ ಸೂರಿನ ಮೂಲೆ ನೋಡಿದಳು. ಆಮೇಲೆ ಬಾಗಿ, ಕಿವಿ ಮಂದವಾದವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದಳು:

"ಒಂದೂ ಅಲುಗಿಲ್ಲ, ಸೇಟೊಕಣ್ಣ."

ಬಂದರಿನಲ್ಲಿ ದೋಣಿ ಕೂಗು ಹಾಕಿತು. ಅವರು ಪೆಟ್ಟಿಗೆ ಎತ್ತಿಕೊಂಡು ನಡೆದರು. ಹನ್ನೊಂದು ವರ್ಷ ಅವನು ನಿಂತು ಕೇಳುತ್ತಿದ್ದ ಜಾಗದಲ್ಲಿ, ಹವಳಗಲ್ಲಿನ ಗೋಡೆಯ ಮೇಲೆ, ನಾಬಿ ಟೀ ಲೋಟ ಇಟ್ಟು ಪಕ್ಕದಲ್ಲಿ ನಿಂತಳು. ಟೀಯಿಂದ ಇನ್ನೂ ಹಬೆ ಏಳುತ್ತಿತ್ತು.