ಸತ್ಯವತಿಯ ಹಿತ್ತಾಳೆ ಬಿಲ್ಲೆ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಹಿತ್ತಾಳೆ ಬಿಲ್ಲೆ ಇದ್ದವರಿಗೇ ಶೆಡ್ಡಿನ ಕೆಲಸ. ಬಿಲ್ಲೆ ಮೇಲೆ ಅವರವರ ನಂಬರು. ಯಾವ ಶೆಡ್ಡಿನ ಸ್ಟೋರಿಗೆ ಕೊಟ್ಟರೂ ನಡೆಯುತ್ತಿತ್ತು. ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಿ ಡ್ರಿಲ್ಲೋ ಕಟ್ಟರೋ ಕೊಡುತ್ತಿದ್ದೆವು. ಒಂದು ಸ್ಟೋರಿನ ಕಿಟಕಿ ನನ್ನದು.

ಟೈಪಿಸ್ಟ್ ಸತ್ಯವತಿ ಆ ಕಿಟಕಿ ನೋಡಿಕೊಂಡೇ ಬೆಳೆದವಳು. ಅವಳಪ್ಪ ಪಟ್ಟಾಭಿರಾಮಯ್ಯ ನಮ್ಮಲ್ಲೇ ಟರ್ನರ್ ಆಗಿದ್ದವರು. ಎಂಬತ್ತಾರರಲ್ಲಿ ಕಂಪ್ಯೂಟರ್ ಬಂತು, ನನ್ನ ಪಕ್ಕದ ಕೋಣೆಗೇ. ಸತ್ಯವತಿ ಸಂಜೆ ಕ್ಲಾಸಿಗೆ ಹೋಗಿ ಪ್ರೋಗ್ರಾಂ ಬರೆಯೋದು ಕಲಿತಳು.

ಒಂದು ಬೆಳಿಗ್ಗೆ ಫೋರ್‌ಮನ್ ವೆಂಕಟರಮಣಪ್ಪ ಹೇಳಿಬಿಟ್ಟರು, "ಈ ರಿಂಗಿನ ತೂತು ಎಷ್ಟು ಕೊರೀಬೇಕು ಅನ್ನೋ ಲೆಕ್ಕ ಇವತ್ತು ನಿನ್ನ ಪ್ರೋಗ್ರಾಂನಲ್ಲಿ ಸರಿಯಾಗಿ ಬಂದ್ರೆ ನಿಂಗೂ ಬಿಲ್ಲೆ. ಇಲ್ಲಾಂದ್ರೆ ಟೈಪ್ ಮಿಷಿನ್ನೇ ಗತಿ ಕಣಮ್ಮ."

ಮೊದಲ ಸಲ ಉತ್ತರ ಬಂತು: ಸೊನ್ನೆ.

"ಸೊನ್ನೆ ಕೊರೆಯೋಕೆ ಮಿಷಿನ್ ಯಾಕೆ, ಬಾಯಲ್ಲಿ ಊದಿದ್ರೆ ಸಾಕು" ಅಂತ ನಗುತ್ತಾ ಫೋರ್‌ಮನ್ ಹೋದರು.

ಸತ್ಯವತಿ ಪ್ರೋಗ್ರಾಂ ಸಾಲುಗಳ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. "ಅಣ್ಣ, ಪ್ರೋಗ್ರಾಂನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ತುಂಡು, ಅದಕ್ಕೆ ಫಂಕ್ಷನ್ ಅಂತಾರೆ. ಒಂದು ಫಂಕ್ಷನ್ ಅಳತೆ ಓದುತ್ತೆ. ಇನ್ನೊಂದು ಎಷ್ಟು ಕೊರೀಬೇಕು ಅಂತ ಲೆಕ್ಕ ಹಾಕುತ್ತೆ. ಎರಡರಲ್ಲೂ ಅಂಕಿ ಇಡೋ ಜಾಗಕ್ಕೆ 'ಅಳತೆ' ಅಂತಲೇ ಹೆಸರಿಟ್ಟೆ. ಮೊದಲನೇದರಲ್ಲಿ ನಲವತ್ತಿದೆ, ಎರಡನೇದರಲ್ಲಿ ಸೊನ್ನೆ."

"ಹೆಸರು ಒಂದೇ ಅಲ್ವೇನಮ್ಮ?"

ಅವಳು ನನ್ನ ಬಿಲ್ಲೆಗಳ ಹಲಗೆ ನೋಡಿದಳು. ಆಮೇಲೆ ನಕ್ಕಳು. "ನಮ್ಮ ಫ್ಯಾಕ್ಟರಿ ಬುದ್ಧಿ ಕೈಕೊಟ್ಟಿದ್ದು! ಇಲ್ಲಿ ಒಂದು ಬಿಲ್ಲೆ ಎಲ್ಲ ಶೆಡ್ಡಿಗೂ ಸಲ್ಲುತ್ತೆ. ಇದನ್ನೇ ಪಕ್ಕದ ಫ್ಯಾಕ್ಟರಿಗೆ ತಗೊಂಡು ಹೋದ್ರೆ?"

"ಅಲ್ಲಿ ಆ ನಂಬರು ಇನ್ಯಾರದೋ. ಓಡಿಸ್ತಾರೆ."

"ಫಂಕ್ಷನ್ನುಗಳೂ ಹಂಗೇ, ಬೇರೆ ಬೇರೆ ಫ್ಯಾಕ್ಟರಿ. ಒಳಗಿನ ಹೆಸರು ಒಳಗೇ. ಬೇಕಾದ್ದನ್ನ ಕರೆಯೋವಾಗ ಕೈಗೆ ಕೊಡಬೇಕು, ಉತ್ತರ ಕೈಯಲ್ಲಿ ಇಸ್ಕೋಬೇಕು."

"ಆ ಅಳತೇನ ಎಲ್ಲ ಫಂಕ್ಷನ್ನಿಗೂ ಕಾಣೋ ಹಾಗೆ ಹೊರಗೇ ಇಟ್ಬಿಡು."

"ಇಡಬಹುದು. ದಾರೀಲಿ ಹೋಗೋರೆಲ್ಲ ನಿಮ್ಮ ಮೊಳೆ ಮೇಲಿನ ಬಿಲ್ಲೆ ಬದಲಾಯಿಸಿದ್ರೆ ಸುಮ್ನಿರ್ತೀರಾ?"

"ಕೈ ಮುರೀತೀನಿ."

ಎರಡು ಸಾಲು ತಿದ್ದಿದಳು. ಲೆಕ್ಕ ಬಂತು. ಅದರಂತೆ ರಿಂಗ್ ಕೊರೆದು, ವೆಂಕಟರಮಣಪ್ಪನವರೇ ತೂತಿನ ಅಳತೆ ನೋಡೋ ಗೇಜ್ ಹಾಕಿದರು. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಆಡಿದ ಮಾತಿಗೆ ತಪ್ಪುವವರಲ್ಲ ಅವರು. ಬಿಲ್ಲೆಯನ್ನೂ ನಂಬರಿನ ಅಚ್ಚನ್ನೂ ತಾವೇ ತಂದರು.

"ನಿಮ್ಮಪ್ಪನ ನಂಬರು ಖಾಲಿ ಇದೆ. ಅದನ್ನೇ ಹೊಡೀಲೇನಮ್ಮ?"

"ಬೇಡಿ ಸಾರ್. ಅದು ಅಪ್ಪಂದು. ನಂಗೆ ನಂದೇ ಇರಲಿ."

ನಾನು ಸುತ್ತಿಗೆ ತಗೊಂಡು ಅವಳ ಬಿಲ್ಲೆಗೆ ಅಂತ ಹಲಗೆಗೆ ಹೊಸ ಮೊಳೆ ಹೊಡೆದೆ.