ಸಾರಿನಲ್ಲಿ ಅದ್ದಿದ ತುತ್ತು

ಗ್ಯಾರೇಜಿನ ಬಾಗಿಲು ಕಿರ್ರೆಂದಾಗ ನೇಡಾಳ ಬಾಯಿ ತುಂಬ ಬ್ರೆಡ್ಡಿತ್ತು. ವಾಷಿಂಗ್ ಮಷಿನ್ನಿನ ಮುಚ್ಚಳದ ಮೇಲೆ ತಟ್ಟೆ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ ನಿಂತೇ ತಿನ್ನುತ್ತಿದ್ದವಳು ಗಕ್ಕನೆ ತಿರುಗಿದಳು. ಬಾಗಿಲಲ್ಲಿ ಗಂಡ ಡಿಂಕೊ. ಮಧ್ಯಾಹ್ನ ಅವನು ಮಲಗಿರುತ್ತಾನೆಂಬ ಧೈರ್ಯದ ಮೇಲೆ ಅವಳು ಇಲ್ಲಿಗೆ ಬಂದಿದ್ದಳು.

"ಏನದು?" ಎಂದ. ವಿಕಿರಣ ಚಿಕಿತ್ಸೆ ಆದಮೇಲೆ ಅವನ ದನಿ ಒಣಗಿ ಹೋಗಿತ್ತು. ಒಂದೊಂದು ಮಾತನ್ನೂ ಕೆರೆದು ತೆಗೆಯಬೇಕಿತ್ತು.

ನೇಡಾ ಉಗುಳಲೂ ಆಗದೆ ನುಂಗಲೂ ಆಗದೆ ನಿಂತಳು. ಕೊನೆಗೆ ನುಂಗಿ, "ಕೋಳಿ. ನಿನ್ನೆದು" ಎಂದಳು.

"ಇಲ್ಲ್ಯಾಕೆ ತಿಂತಿದೀಯ?"

"ಸುಮ್ನೆ. ಬಟ್ಟೆ ಹಾಕೋಕೆ ಬಂದಿದ್ದೆ."

ಮಷಿನ್ನಿನಲ್ಲಿ ಬಟ್ಟೆ ಇರಲಿಲ್ಲ. ಡಿಂಕೊ ಅದನ್ನು ನೋಡಿದ. ಬೆಂಚಿನ ಮೇಲೆ ಅವನ ಸ್ಪ್ಯಾನರುಗಳ ಪಕ್ಕದಲ್ಲಿದ್ದ ಬಿಸ್ಕತ್ತಿನ ಡಬ್ಬ, ಕೆಚಪ್ ಬಾಟಲಿ, ಮಡಿಸಿಟ್ಟ ಟವೆಲು, ಫೋರ್ಕು ಎಲ್ಲವನ್ನೂ ನೋಡಿದ. ಒಂದು ದಿನದಲ್ಲಿ ಕೂಡಿಕೊಂಡ ಸಂಸಾರವಲ್ಲ ಅದು.

"ಎಷ್ಟು ದಿನದಿಂದ ನಡೀತಿದೆ ಇದು?"

"ನಿಂಗೆ ಟ್ಯೂಬ್ ಹಾಕಿದಾಗಿಂದ" ಎಂದಳು ನೇಡಾ. "ವಾಸನೆ ಬಂದ್ರೆ ನಿಂಗೆ ಸಂಕಟ ಆಗತ್ತೆ ಅಂತ."

ಡಿಂಕೊ ಸಾನ್ ಪೆಡ್ರೊ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು. ಅವನ ಅಪ್ಪನೂ ಅದೇ ಹಡಗುಕಟ್ಟೆಯ ಮೇಲೆ ಮೂಟೆ ಹೊತ್ತವನು. ವಸಂತದಲ್ಲಿ ಕುತ್ತಿಗೆಯಲ್ಲೊಂದು ಗಂಟು ಸಿಕ್ಕಿತು, ಗಂಟಲಿನ ಕ್ಯಾನ್ಸರ್ ಎಂದರು, ಬೇಸಿಗೆಯೆಲ್ಲ ಆಸ್ಪತ್ರೆಯಲ್ಲಿ ಕಳೆಯಿತು. ಬೇಸಿಗೆ ಮುಗಿಯುವಾಗ ಡಾಕ್ಟರು ಸ್ಕ್ಯಾನ್ ಚಿತ್ರಗಳನ್ನು ಬೆಳಕಿಗೆ ಹಿಡಿದು, ರೋಗ ಎಲ್ಲೂ ಕಾಣುತ್ತಿಲ್ಲ ಎಂದರು. ನೇಡಾ ಅವರ ಕೈ ಹಿಡಿದುಕೊಂಡು ಅತ್ತಿದ್ದಳು. ಆದರೆ ರೋಗ ಹೋದರೂ ಊಟ ಹಿಂದಿರುಗಲಿಲ್ಲ. ಹೊಟ್ಟೆಗೆ ತೂತು ಮಾಡಿ ಹಾಕಿದ ಕೊಳವೆಯಲ್ಲಿ ದಿನಕ್ಕೆ ಇಷ್ಟು ಡಬ್ಬಿ ಎಂದು ಹಾಲಿನಂಥ ದ್ರವ ಸುರಿಯುವುದೇ ಊಟವಾಯಿತು.

ನುಂಗುವುದನ್ನು ಕಲಿಸಲು ಆಸ್ಪತ್ರೆಯಲ್ಲಿ ಪ್ರಿಸಿಲ್ಲಾ ಎಂಬ ಹೆಂಗಸು ಇದ್ದಳು. ಅವಳು ಬಿಡಿಸಿ ಹೇಳಿದ್ದಳು: "ನಿಮ್ಮ ಗಂಟಲು ತೆರೆದೇ ಇದೆ ಸರ್. ನೆನೆದದ್ದು, ಮೆತ್ತಗಿರೋದು, ಸಣ್ಣ ತುತ್ತು. ಗದ್ದ ಎದೆಗೆ ಒತ್ತಿ ನುಂಗಿ. ದಿನಾ ಮಾಡದಿದ್ರೆ ಗಂಟಲು ತನ್ನ ಕೆಲಸಾನೇ ಮರೆತುಬಿಡತ್ತೆ. ಆಮೇಲೆ ಕೊಳವೆಯೇ ಗತಿ." ಅಂದು ಮನೆಗೆ ಬಂದು ಅವನು ಒಂದು ಚಮಚ ಸೇಬಿನ ಪೇಸ್ಟು ಬಾಯಿಗಿಟ್ಟ. ಅದು ಎಲ್ಲಿ ಸಿಕ್ಕಿಕೊಂಡಿತೋ, ಕೆಮ್ಮು ಹತ್ತಿ ತುಟಿ ನೀಲಿಗಟ್ಟಿತು. ನೇಡಾ ಬೆನ್ನು ಗುದ್ದುತ್ತಾ ದೇವರನ್ನೂ ಅವನನ್ನೂ ಒಟ್ಟಿಗೆ ಬೈದಳು. ಉಸಿರು ತಿರುಗಿದ ಮೇಲೆ ಡಿಂಕೊ ಚಮಚವನ್ನು ಸಿಂಕಿಗೆ ಎಸೆದ. ಮತ್ತೆ ಮುಟ್ಟಲಿಲ್ಲ. ಕೇಳಿದರೆ, "ಏನು ರುಚಿ ಇದೆ ಅಂತ ಸಾಯ್ಲಿ? ರಟ್ಟು ಅಗಿದ ಹಾಗಿತ್ತು" ಎನ್ನುತ್ತಿದ್ದ. ಮೊದಮೊದಲು ಮೀನು ಹಿಡಿದುಕೊಂಡು ಬರುತ್ತಿದ್ದ ಬಂದರಿನ ಗೆಳೆಯರಿಗೂ ಬರಬೇಡಿ ಎಂದುಬಿಟ್ಟಿದ್ದ.

ಈಗ ಅವನು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತ.

"ನನ್ನ ಹೆಂಡ್ತಿ ನನ್ನ ಮನೇಲಿ ಕಳ್ಳಿ ಹಾಗೆ ತಿನ್ನೋ ಕಾಲ ಬಂತು" ಎಂದ. ನೇಡಾ ಏನೋ ಹೇಳಹೋದಳು. ಅವನು ಕೈಯೆತ್ತಿ ತಡೆದ. ಆಮೇಲೆ, "ನಾಳೆ ಭಾನುವಾರ ಅಲ್ವಾ? ಬೀಫ್ ಮಾಡು. ಬನ್ನಿಗೆ ತುಂಬಿ ಸಾರಲ್ಲಿ ಅದ್ದಿ ತಿನ್ನೋದು, ಚೀಸ್ ಹಾಕಿ" ಎಂದ.

"ಯಾರಿಗೆ?"

"ಮೇಯರ್‌ಗೆ! ನಂಗೆ ಮಾರಾಯ್ತಿ, ಇನ್ಯಾರಿಗೆ?"

ಭಾನುವಾರ ಬೆಳಿಗ್ಗೆಯೇ ಮಾಂಸ ಓವನ್ನಿಗೆ ಹೋಯಿತು. ಹೋಳು ಮಾಡಲು ಸುಲಭವೆಂದು ಜನ ಕೊಳ್ಳುವ ತೊಡೆಯ ಗಟ್ಟಿ ಮಾಂಸವನ್ನು ಬಿಟ್ಟು ನೇಡಾ ಭುಜದ ಭಾಗವನ್ನು ತಂದಿದ್ದಳು. ನಿಧಾನವಾಗಿ ಬೆಂದರೆ ಅದು ಬೆರಳಲ್ಲಿ ಒತ್ತಿದರೂ ಎಳೆಯೆಳೆಯಾಗಿ ಬಿಡುತ್ತದೆ. ಮಾಂಸವನ್ನು ಮೊದಲು ಬಾಣಲೆಯಲ್ಲಿ ಎಲ್ಲ ಕಡೆ ಕೆಂಪಗೆ ಬಾಡಿಸಿ, ಈರುಳ್ಳಿ, ಬೆಳ್ಳುಳ್ಳಿ ಹಾಕಿ, ಮಾಂಸ ಅರ್ಧ ಮುಳುಗುವಷ್ಟು ನೀರು ಹೊಯ್ದು ಮುಚ್ಚಿದಳು. ಗಂಟೆ ಕಳೆಯುವಷ್ಟರಲ್ಲಿ ವಾಸನೆ ನಡುಮನೆ ದಾಟಿ ಮಲಗುವ ಕೋಣೆಗೆ ಹೋಯಿತು. ಅಭ್ಯಾಸಬಲದಿಂದ ಕಿಟಕಿ ತೆರೆಯಲು ಹೋದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಕೆಲಸದ ನಡುವೆ ಎರಡು ಸಲ ಹೋಗಿ ಅವನ ಮುಖ ನೋಡಿ ಬಂದಳು. ಬೇಡ ಎಂದುಬಿಡಲಿ ಎಂದು ಒಮ್ಮೆ ಅನ್ನಿಸಿತು. ಎಲ್ಲಿ ಬೇಡವೆಂದುಬಿಡುತ್ತಾನೋ ಎಂದು ಮರುಕ್ಷಣವೇ ಹೆದರಿದಳು.

ಚರ್ಚ್ ಮುಗಿಸಿ, ನೇಡಾ ತರಹೇಳಿದ್ದ ಉದ್ದನೆಯ ಬನ್ನುಗಳನ್ನು ಬೇಕರಿಯಿಂದ ಹಿಡಿದು ಡಿಂಕೊನ ಅಕ್ಕ ಯೆಲ್ಕಾ ಬಂದಳು. ಎಪ್ಪತ್ತು ದಾಟಿದ ವಿಧವೆ. ಬಾಗಿಲ ಹೊರಗಿನಿಂದಲೇ ಮಾತು ಶುರು ಮಾಡುವವಳು.

"ಏನೇ ನೇಡಾ, ಬೀದಿ ತುದೀವರೆಗೂ ಘಮ್ ಅಂತಿದೆ! ಎದುರು ಮನೆ ನಾಯಿ ನಿಮ್ಮ ಗೇಟಿನ ಹತ್ರ ತಪಸ್ಸಿಗೆ ಕೂತಿದೆ. ಯಾರು ಬರ್ತಾರೆ ಊಟಕ್ಕೆ?"

"ಯಾರೂ ಇಲ್ಲ ಅಕ್ಕ. ಅವನೇ ತಿಂತೀನಿ ಅಂದ."

ಯೆಲ್ಕಾಳ ಕೈಯಲ್ಲಿದ್ದ ಬನ್ನಿನ ಪೊಟ್ಟಣ ಹಾಗೇ ನಿಂತಿತು. ದನಿ ತಗ್ಗಿಸಿ, "ಆವತ್ತಿನ ಹಾಗೆ ಆದ್ರೆ?" ಎಂದಳು.

ನೇಡಾ ಏಪ್ರನ್ನಿನ ಜೇಬು ತಟ್ಟಿ ತೋರಿಸಿದಳು. "ಫೋನ್ ಇಲ್ಲೇ ಇದೆ. ಆಂಬುಲೆನ್ಸಿಗೆ ಒಂದು ಗುಂಡಿ ಒತ್ತಿದ್ರೆ ಸಾಕು."

"ಕಿವುಡ ಅಲ್ಲ ನಾನು" ಎಂದು ನಡುಮನೆಯಿಂದ ಕೆರೆದ ದನಿ ಬಂತು. "ಹೆಣಕ್ಕೆ ಬಟ್ಟೆ ಕೂಡ ಇಸ್ತ್ರಿ ಮಾಡಿಟ್ಟಿದೀರೋ ಹೇಗೆ?"

"ನಿನ್ನ ಹೊಟ್ಟೆ ಇಳಿದುಹೋಗಿದೆ ಪುಟ್ಟಾ, ಹಳೆ ಸೂಟು ಜಾರುತ್ತೆ. ಹಾಗಾಗಿ ಈಗ್ಲೇ ಸಾಯ್ಬೇಡ" ಎಂದಳು ಯೆಲ್ಕಾ. ಹೇಳಿದವಳೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಮಾಂಸ ಹೊರಬಂತು. ನೇಡಾ ಸಾರನ್ನು ಸೋಸಿ, ಮೇಲೆ ತೇಲುವ ಜಿಡ್ಡನ್ನು ಚಮಚದಲ್ಲಿ ತೆಗೆದು, ಸಣ್ಣ ಉರಿಯಲ್ಲಿಟ್ಟಳು. ಬನ್ನನ್ನು ಸೀಳಿ ಎಳೆಯೆಳೆಯಾದ ಮಾಂಸ ತುಂಬಿ, ಮೇಲೆ ಚೀಸ್ ಹೊದಿಸಿ ಮತ್ತೆ ಓವನ್ನಿಗೆ ಇಟ್ಟಳು. ಚೀಸ್ ಕರಗಿ ಅಂಚಿನಿಂದ ಇಳಿಯತೊಡಗಿದಾಗ ಯೆಲ್ಕಾ ಇಕ್ಕಳ ಹಿಡಿದು, ಬನ್ನನ್ನು ಸಾರಿನ ಪಾತ್ರೆಗೇ ಅದ್ದಲು ಹೊರಟಳು.

"ಅಕ್ಕ, ಅವನಿಗೆ ಬಟ್ಟಲಲ್ಲಿ ಬೇರೆ ಕೊಡ್ಬೇಕು."

"ಬಟ್ಟಲು ಟೂರಿಸ್ಟುಗಳಿಗೆ! ಈ ಬನ್ನು ಮಾಡೋ ಪಟ್ಟಣದ ಹಳೇ ಅಂಗಡೀಲಿ ಅವರೇ ಅದ್ದಿ ಕೊಡ್ತಾರೆ. ನಮ್ಮಪ್ಪ ತಿಂದಿದ್ದು ಹಾಗೇ."

"ಬಟ್ಟಲು ಇಲ್ದಿದ್ರೆ ನಾನು ಎದ್ದು ಹೋಗ್ತೀನಿ" ಎಂದ ಡಿಂಕೊ. ಅವನು ಆಗಲೇ ಬಂದು ಅಡುಗೆಮನೆಯ ಮೇಜಿಗೆ ಕೂತಿದ್ದ. ಎಷ್ಟೋ ತಿಂಗಳಿಂದ ಖಾಲಿ ಇದ್ದ ಕುರ್ಚಿ ಅದು. ನೇಡಾ ಬೇಗ ಬೇಗ ಬಟ್ಟಲಿಗೆ ಸಾರು ಬಡಿಸಿ ಅವನ ಮುಂದಿಟ್ಟಳು. ಬನ್ನಿನ ಗಟ್ಟಿ ಸಿಪ್ಪೆ ಕೀಳಲು ಹೋದಾಗ ಅವನು ಅವಳ ಕೈ ಸರಿಸಿದ.

ಅವನು ಹೆಬ್ಬೆರಳಿನಷ್ಟು ತುಂಡು ಮುರಿದ. ಸಾರಿನಲ್ಲಿ ಮುಳುಗಿಸಿ ಹಿಡಿದುಕೊಂಡೇ ಇದ್ದ. ಬ್ರೆಡ್ಡು ಕಪ್ಪಾಗಿ, ಭಾರವಾಗಿ, ಬೆರಳಿನಿಂದ ಜಾರುವ ಹಾಗಾಯಿತು. ಬಾಯಿಗಿಟ್ಟು ಅಗಿದ, ಮತ್ತೆ ಅಗಿದ. ಯೆಲ್ಕಾ ಒಲೆಯ ಕಡೆ ತಿರುಗಿಬಿಟ್ಟಳು. ನೇಡಾ ತಿರುಗಲಿಲ್ಲ. ಜೇಬಿನೊಳಗೆ ಫೋನನ್ನು ಬಿಗಿಯಾಗಿ ಹಿಡಿದು, ಅವನ ಕುತ್ತಿಗೆಯ ಸುಟ್ಟ ಚರ್ಮದ ಮೇಲೆ ಕಣ್ಣಿಟ್ಟಳು. ಅವನು ಗದ್ದವನ್ನು ಎದೆಗೆ ಒತ್ತಿದ. ಗಂಟಲ ಮಣಿ ಮೇಲೇರಿತು, ಅಲ್ಲೇ ನಿಂತಿತು, ಆಮೇಲೆ ಇಳಿಯಿತು.

ಕೆಮ್ಮು ಬಂತು. ಕುರ್ಚಿ ಹಿಂದಕ್ಕೆ ಜರುಗಿತು, ಇಬ್ಬರೂ ಹೆಂಗಸರು ಅವನತ್ತ ಧಾವಿಸಿದರು. ಡಿಂಕೊ ಎರಡೂ ಕೈ ಚಾಚಿ ತಡೆದ. ಒಂದು ಸಲ, ಎರಡು ಸಲ ಕೆಮ್ಮಿದ. ಕಣ್ಣಲ್ಲಿ ನೀರು ತುಂಬಿತು. ತುಟಿ ಮಾತ್ರ ಕೆಂಪಗೇ ಇತ್ತು. ಕಣ್ಣೊರೆಸಿಕೊಂಡು ಇನ್ನೊಂದು ತುಂಡು ಮುರಿದು ಅದ್ದಿದ. ಅದು ಕೆಮ್ಮಿಲ್ಲದೆ ಇಳಿಯಿತು. ಮೂರನೆಯದರಲ್ಲಿ ಮಾಂಸವೂ ಚೀಸಿನ ಎಳೆಯೂ ಇದ್ದವು. ಅದನ್ನು ಬಹಳ ಹೊತ್ತು ಅಗಿದು ನುಂಗಿ, ಹುಬ್ಬು ಗಂಟಿಕ್ಕಿ ಹೆಂಡತಿಯ ಕಡೆ ನೋಡಿದ.

"ಏನಾಯ್ತು? ಸಿಕ್ಕಿಕೊಂಡ್ತಾ?" ನೇಡಾ ಜೇಬಿನಿಂದ ಫೋನ್ ಹೊರಗೆ ತೆಗೆದಳು.

"ಸಾರಿಗೆ ಉಪ್ಪೇ ಹಾಕಿಲ್ವಲ್ಲೇ!"

ನೇಡಾ ಕಣ್ಣು ಪಿಳುಕಿಸದೆ ನಿಂತಳು. ಉಪ್ಪು ತಗುಲಿದರೆ ಗಂಟಲು ಉರಿದೀತೆಂದು ಹೆದರಿ ಅವಳು ಒಂದು ಚಿಟಿಕೆಯನ್ನೂ ಹಾಕಿರಲಿಲ್ಲ. ಎಲ್ಲವೂ ರಟ್ಟು ಎನ್ನುವವನಿಗೆ ಹೇಗಿದ್ದರೂ ತಿಳಿಯದು ಎಂದುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

"ಏನಂದೆ?" ಎಂದಳು.

"ಸಪ್ಪೆ ಅಂದೆ. ಚೀಸಲ್ಲಿದೆ, ಬ್ರೆಡ್ಡಲ್ಲಿದೆ, ಸಾರಲ್ಲಿಲ್ಲ. ಬೆಳ್ಳುಳ್ಳಿ ಮಾತ್ರ ಹಾಕಿದ್ದೇ ಹಾಕಿದ್ದು."

ಯೆಲ್ಕಾ ಸೌಟಿನಿಂದ ಒಂದು ಗುಟುಕು ಹೀರಿ ಮುಖ ಕಿವಿಚಿದಳು. "ಅಯ್ಯೋ ನಮ್ಮಮ್ಮಾ, ಇದು ಪಾತ್ರೆ ತೊಳೆದ ನೀರು ಕಣೇ! ಸರಿಯಾಗೇ ಹೇಳಿದಾನೆ!"

ನೇಡಾ ಒಲೆಗೆ ಒರಗಿ ಹಾಗೇ ನೆಲಕ್ಕೆ ಕೂತು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಯೆಲ್ಕಾ ಬಗ್ಗಿದರೆ ಅವಳು ನಗುತ್ತಿದ್ದಳು. ಮೂಗು, ಕಣ್ಣು ಎಲ್ಲ ಸೋರುತ್ತಿತ್ತು.

"ಇಷ್ಟು ದಿನ ಆದ್ಮೇಲೆ ಒಂದು ಊಟ ಮಾಡ್ತಿದೀನಿ" ಎಂದ ಡಿಂಕೊ ಅಕ್ಕನಿಗೆ. "ಅದೂ ಸಪ್ಪೆ. ಬಡಿಸಿದವಳು ನೋಡು, ನೆಲದ ಮೇಲೆ ಕೂತು ಹಲ್ಲು ಕಿರೀತಿದಾಳೆ."

"ಹೊಡೆದುಬಿಡ್ತೀನಿ ನಿನ್ನ!" ಎಂದು ನೇಡಾ ಎದ್ದು ಉಪ್ಪಿನ ಡಬ್ಬ ತಂದು ಕುಕ್ಕಿದಳು. "ತಗೋ, ಉರಿದ್ರೆ ನನ್ನ ಕೇಳ್ಬೇಡ."

ಅವನು ಕೈಯಾರೆ ಉಪ್ಪು ಉದುರಿಸಿಕೊಂಡು ಕಲಕಿದ. ಸ್ವಲ್ಪ ಉರಿಯಿತು, ಹಲ್ಲು ಕಚ್ಚಿ, ಪರವಾಗಿಲ್ಲ ಎಂದು ತಲೆಯಾಡಿಸಿದ. ಅರ್ಧ ಬನ್ನು ಮುಗಿಸಲು ಅವನಿಗೆ ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಸಾರು ಆರಿದಾಗಲೆಲ್ಲ ನೇಡಾ ಬಿಸಿ ಮಾಡಿ ತಂದಳು. ಯೆಲ್ಕಾ ತನ್ನ ಬನ್ನನ್ನು ಪಾತ್ರೆಯಲ್ಲೇ ಅದ್ದಿಕೊಂಡು, ಮೊಣಕೈವರೆಗೆ ಸೋರಿಸಿಕೊಂಡು, ಬಂದರಿನ ಹಳೆಯ ಜಗಳಗಳನ್ನೆಲ್ಲ ತೆಗೆದಳು. ನಡುನಡುವೆ ಡಿಂಕೊ, "ಸುಳ್ಳು ಹೇಳ್ಬೇಡ" ಎನ್ನುತ್ತಿದ್ದ. ಮಧ್ಯಾಹ್ನದ ಡಬ್ಬಿಯನ್ನು ಕೊಳವೆಗೆ ಸುರಿಯುವ ಹೊತ್ತು ಯಾವಾಗ ಮೀರಿತೋ ಯಾರಿಗೂ ನೆನಪಾಗಲಿಲ್ಲ.

ನಾಲ್ಕರ ಸುಮಾರಿಗೆ ಯೆಲ್ಕಾ ಹೊರಟಳು. ನೇಡಾ ಗೇಟಿನವರೆಗೆ ಹೋಗಿ ಬೀಳ್ಕೊಟ್ಟು, ಹಿತ್ತಲಿನ ಹಗ್ಗದಲ್ಲಿ ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಬಂದಳು. ಅಡುಗೆಮನೆಯಲ್ಲಿ ಡಿಂಕೊ ಫ್ರಿಜ್ಜಿನ ಬಾಗಿಲು ತೆರೆದು, ಒಂದು ಕೈ ಅದರ ಮೇಲೆ ಊರಿ ನಿಂತಿದ್ದ. ಒಳಗಿನ ಬೆಳಕು ಅವನ ಕೆನ್ನೆಯ ಮೇಲೆ ಬಿದ್ದಿತ್ತು. ಒಂದೊಂದೇ ಡಬ್ಬ ಮುಂದಕ್ಕೆಳೆದು, ಮುಚ್ಚಳ ಎತ್ತಿ, ಮೂಸಿ, ಮತ್ತೆ ಒಳಗಿಡುತ್ತಿದ್ದ. ಫ್ರಿಜ್ಜು ತೆರೆದಿಟ್ಟುಕೊಂಡು ನಿಲ್ಲಬೇಡ ಎಂದು ಮದುವೆಯಾದಾಗಿನಿಂದ ಅವನನ್ನು ಬೈಯುತ್ತಾ ಬಂದವಳು ಬಟ್ಟೆಗಳನ್ನು ತಬ್ಬಿಕೊಂಡು ಬಾಗಿಲಲ್ಲೇ ನಿಂತಳು. ಫ್ರಿಜ್ಜು ಗುಂಯ್‌ಗುಡುತ್ತಾ ತಣ್ಣನೆಯ ಗಾಳಿಯನ್ನೆಲ್ಲ ನೆಲಕ್ಕೆ ಚೆಲ್ಲುತ್ತಿತ್ತು.