ಕೊಳೆ ಬೇಡಲು ಹೋದದ್ದು

ಮಾವ ತೀರಿಕೊಂಡ ಮೇಲೆ ಅತ್ತೆ ಮಹಡಿಯಿಂದ ಇಳಿದದ್ದು ಅದೇ ಮೊದಲು. ಕೆಳಗೆ ನಮ್ಮ ಬಣ್ಣದ ಮೀನಿನ ಅಂಗಡಿ. ನಾನಿಲ್ಲದ ಹೊತ್ತಿನಲ್ಲಿ ಅವರು ಮಾವನ ದೊಡ್ಡ ತೊಟ್ಟಿಯನ್ನು ಬರಿದು ಮಾಡಿ, ತಳದ ಕಲ್ಲುಗಳನ್ನು ಬಿಸಿನೀರಿನಲ್ಲಿ ಉಜ್ಜಿ, ನೀರು ಸೋಸುವ ಸ್ಪಂಜನ್ನು ಹೊಸದರಂತೆ ತೊಳೆದಿದ್ದರು.

“ನೋಡು, ನಿಮ್ಮ ಮಾವ ಇಷ್ಟು ವರ್ಷ ಪಾಚಿಯಲ್ಲೇ ಸಾಕಿದ್ರು ಪಾಪದವುಗಳನ್ನ.”

ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತ್ತು. 

ಎರಡು ದಿನ ಕಳೆಯುವಷ್ಟರಲ್ಲಿ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು.

“ನಾನೇ ಕೊಂದ್ನಾ?” ಎಂದರು ಅತ್ತೆ. ಅವು ಸತ್ತರೆ ಅವರು ಮತ್ತೆ ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಾರೆಂದು ನನಗೆ ಖಾತ್ರಿಯಿತ್ತು.

ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಮನೆ ಮಾಡಿಕೊಂಡು, ಮೀನಿನ ಹೊಲಸಿನ ವಿಷವನ್ನು ತಿಂದು ನೀರನ್ನು ಹದವಾಗಿಡುತ್ತವೆ. ಅವು ಮತ್ತೆ ಬೆಳೆಯಲು ವಾರಗಳೇ ಬೇಕು. ಸಂಜೆಯ ಕಾಲೇಜಿನಲ್ಲಿ ಕಲಿತದ್ದು ಸರಿಯಾಗಿ ನೆನಪಿದೆಯೋ ಇಲ್ಲವೋ ಎಂಬ ಅಳುಕಿನಲ್ಲೇ ಅರ್ಧ ನೀರು ಬದಲಾಯಿಸಿ, ಎದುರು ಬೀದಿಯ ಇನ್ನೊಂದು ಬಣ್ಣದ ಮೀನಿನ ಅಂಗಡಿಗೆ ಓಡಿದೆ. ಅದರ ಯಜಮಾನನನ್ನು ಎಲ್ಲರೂ ಪಾಚಿಯಣ್ಣ ಅನ್ನುತ್ತಾರೆ. ಗಿರಾಕಿಗಳ ವಿಷಯದಲ್ಲಿ ನಮಗೂ ಅವನಿಗೂ ಹಾವು ಮುಂಗುಸಿ.

“ಅಣ್ಣಾ, ಒಂದು ಹಳೇ ಸ್ಪಂಜು ಕೊಡ್ತೀಯಾ? ತೊಳೀದೇ ಇರೋದು.”

“ನಾನು ತೊಳೆದಿದ್ದು ಯಾವಾಗ ನೋಡಿದ್ದೀಯ ತಂಗೀ?” ಎಂದು ನಕ್ಕವನು ನನ್ನ ಮುಖ ಕಂಡು ತನ್ನ ತೊಟ್ಟಿಗೆ ಕೈ ಹಾಕಿದ. ಕಂದು ನೀರು ಸೋರುವ ಸ್ಪಂಜನ್ನು ಬಕೆಟ್ಟಿಗೆ ಹಾಕಿಕೊಂಡು ತಾನೇ ಬಂದು, ನಮ್ಮ ತೊಟ್ಟಿಯಲ್ಲಿ ಹಿಂಡಿದ.

“ಅಯ್ಯೋ, ಸಾಯೋ ಮೀನಿನ ಮೇಲೆ ಹೊಲಸು ಸುರೀತೀಯಲ್ಲೋ!” ಎಂದು ಅತ್ತೆ ಕೂಗಿಕೊಂಡರು.

“ಹೊಲಸಲ್ಲಮ್ಮ, ಕೆಲಸದೋರು. ನೀವು ಒಕ್ಕಲೆಬ್ಬಿಸಿದ್ರಿ, ನಾನು ಕರ್ಕೊಂಡು ಬಂದೆ.”

ಅವನು ಹೋದ ಮೇಲೆ ನಾವಿಬ್ಬರೂ ತೊಟ್ಟಿಯ ಮುಂದೆ ಕುಳಿತೆವು. ಸುಮ್ಮನಿರಲಾರದೆ ನಾನು ಹೇಳಿದೆ: “ಭೂಮಿನೂ ಹೀಗೇ ಅಂತೆ ಅತ್ತೆ. ಮೊದಲು ನಾವು ಉಸಿರಾಡೋ ಗಾಳಿನೇ ಇರಲಿಲ್ಲ. ಸಮುದ್ರದಲ್ಲಿ ಪಾಚಿಯಂಥ ಜೀವಿಗಳು ಕೋಟಿಗಟ್ಟಲೆ ವರ್ಷ ಉಸಿರು ಬಿಟ್ಟೂ ಬಿಟ್ಟೂ ಗಾಳಿನೇ ಬದಲಾಯ್ತು. ಆ ಗಾಳಿಗೆ ತಕ್ಕ ಹಾಗೆ ಆಮೇಲಿನ ಜೀವಗಳು ಬದಲಾದ್ವು. ಅವು ಮತ್ತೆ ಭೂಮಿನ ಬದಲಾಯಿಸಿದ್ವು.”

“ಅಂದ್ರೆ ನಾವು ಉಸಿರಾಡೋದು ಪಾಚಿ ಎಂಜಲಾ?”

“ಎಂಜಲೇ.” ಹೇಳಿದ್ದು ಪೂರಾ ಸರಿಯೇ ಎಂಬ ಅನುಮಾನ ನನಗೆ ಈಗಲೂ ಇದೆ.

ಅತ್ತೆ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು, ರುಚಿ ನೋಡುವವರ ಹಾಗೆ. “ಪುಣ್ಯಾತ್ಮರು,” ಎಂದರು.

ಹೊತ್ತು ಮುಳುಗುವ ಮುನ್ನ ದೊಡ್ಡ ಕಿತ್ತಳೆ ಮೀನು ಕೆಳಗಿಳಿದು ಕಲ್ಲುಗಳ ನಡುವೆ ಮೂತಿ ತೂರಿಸಿತು. ಉಳಿದವೂ ಒಂದೊಂದಾಗಿ ಹಿಂಬಾಲಿಸಿದವು. ಅಂಗಡಿ ಮುಚ್ಚಿ ನೋಡಲು ಬಂದ ಪಾಚಿಯಣ್ಣನ ಕೈಯನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಿನ್ನ ಅಂಗಡಿ ಯಾವತ್ತೂ ಹೀಗೇ ಕೊಳಕಾಗಿರಲಪ್ಪ!”

“ಆಶೀರ್ವಾದ ಅಂದ್ರೆ ಇದಮ್ಮ,” ಎಂದು ಅವನು ಬಿದ್ದು ಬಿದ್ದು ನಕ್ಕ.

ಅತ್ತೆ ನನ್ನತ್ತ ತಿರುಗಿ ಕೈ ಚಾಚಿದರು. “ಕೀಲಿ ಕೊಡು. ನಾಳೆ ಬಾಗಿಲು ನಾನೇ ತೆಗೀತೀನಿ. ಹೆದರಬೇಡ, ಏನನ್ನೂ ಉಜ್ಜಲ್ಲ.”